ಕಮಲಾಪುರದ ಹೊಂಡದಲ್ಲಿ ಕಪ್ಪೆಗಳೇ ಇಲ್ಲ ಎಂದವರಿಗೆ

ಕೆರೆ-ಹೊಂಡಗಳ ಅಂದ ಹೆಚ್ಚಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕಮಲಾಪುರದ ನಮ್ಮ ಓಣಿಯ ಹಿಂದಿನ ಹೊಂಡದ ಅರ್ಧ ದಂಡೆಗೆ ಹೋದ ವರ್ಷ ಸಿಮೆಂಟು ಹಾಕಿಸಿದಿರಿ. ಉಳಿದರ್ಧಕ್ಕೆ ಈ ಬೇಸಿಗೆಯಲ್ಲೇ ಹಾಕಿಸುತ್ತೀರಂತೆ. ಬೇಡವೆಂದು ನಾನು ಹೋದ ವರ್ಷ ಸಿಮೆಂಟಿಗೆ ಮುಂಚೆಯೇ ಕೊಟ್ಟ ಅರ್ಜಿಗೆ ನಿಮ್ಮ ಕಚೇರಿಯ ಉತ್ತರ ಹೀಗಿತ್ತು: "ಸದರಿ ಸ್ಥಳವನ್ನು ಪರಿಶೀಲಿಸಲಾಗಿ ಯಾವುದೇ ಕಪ್ಪೆಗಳು ಕಂಡುಬಂದಿರುವುದಿಲ್ಲ." ಪರಿಶೀಲನೆ ನಡೆದದ್ದು ಮೇ ತಿಂಗಳ ನಡುಮಧ್ಯಾಹ್ನ. ಸ್ವಾಮಿ, ಅದೇ ಹೊತ್ತಿನಲ್ಲಿ ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ನಿಂತು ನೋಡಿದ್ದರೆ ಈ ಊರಲ್ಲಿ ಮನುಷ್ಯರೂ ಇಲ್ಲವೆಂದು ಷರಾ ಬರೆಯಬಹುದಿತ್ತು. ಇವು ನೆಲ ಕೊರೆದು ಬದುಕುವ ಕಪ್ಪೆಗಳು. ಮುಂಗಾರಿನಲ್ಲಿ ಹೊರಬಂದು, ಕೂಗಿ, ಮೊಟ್ಟೆಯಿಟ್ಟು, ಮಿಕ್ಕ ತಿಂಗಳೆಲ್ಲ ದಂಡೆಯ ಮಣ್ಣಿನೊಳಗೆ ಮಲಗಿರುತ್ತವೆ. ನಿಮ್ಮ ಸಿಬ್ಬಂದಿ ಅವುಗಳ ನೆತ್ತಿಯ ಮೇಲೇ ನಿಂತು ಅವು ಇಲ್ಲವೆಂದು ಬರೆದರು. ಆಮೇಲೆ ಸಿಮೆಂಟು ಬಂತು. ಹೋದ ಮುಂಗಾರಿನ ಮೊದಲ ಮಳೆಗೆ ಒಂದೇ ದಂಡೆಯಿಂದ ಕೂಗು ಕೇಳಿತು. ಇನ್ನೊಂದು ದಂಡೆಯವು ಒಳಗೇ ಉಳಿದವು.

"ಕಪ್ಪಿ ಎಲ್ಲಾ ಕಡಿ ಇರ್ತಾವ್ರೀ ಮೇಡಂ" ಎಂದು ನಿಮ್ಮ ಇಂಜಿನಿಯರು ನಗುತ್ತಾ ಹೇಳಿದರು. ನಿಜ, ಜಾತಿ ಅಪರೂಪದ್ದಲ್ಲ. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ಅಷ್ಟು ನನಗೂ ಗೊತ್ತು. ಸಹೋದ್ಯೋಗಿ ಝಹೀರ್ ಮತ್ತು ನಾನು ಈ ಭಾಗದ ಕಪ್ಪೆಗಳ ವಂಶಸಂಬಂಧ ಹುಡುಕುತ್ತಿದ್ದೇವೆ. ಹತ್ತಿ ಸುತ್ತಿದ ಕಡ್ಡಿಯನ್ನು ಕಪ್ಪೆಯ ಬಾಯೊಳಗೆ ಆಡಿಸಿ, ಕಪ್ಪೆಯನ್ನು ಅಲ್ಲೇ ಬಿಟ್ಟುಬಿಡುತ್ತೇವೆ. ಕಡ್ಡಿಗೆ ಅಂಟಿದ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಸಣ್ಣ ಭಾಗಗಳಿರುತ್ತವೆ. ಅವಕ್ಕೆ ತಮ್ಮದೇ ಆದ ಡಿಎನ್ಎ ಉಂಟು, ಅದು ತಾಯಿಯ ಕಡೆಯಿಂದ ಬರುವಂಥದ್ದು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೋಲಿಸಿದರೆ ಯಾವ ಕಪ್ಪೆ ಯಾವ ತಾಯಿಯ ಬಳ್ಳಿ ಎಂದು ತಿಳಿಯುತ್ತದೆ. ಕಲಬುರಗಿ ಕೋಟೆಯ ಕಂದಕದವು, ಕಮಲಾಪುರದ ಹೊಲಗಳವು, ಕುಸನೂರಿನ ಹೊಂಡದಿಂದ ಹಿಂದೆಂದೋ ಹಿಡಿದು ಕಾಲೇಜಿನಲ್ಲಿ ಕಾಪಿಟ್ಟವು, ಎಲ್ಲವನ್ನೂ ಓದಿಸಿದೆವು. ಒಂದೊಂದು ಊರಿನದು ಒಂದೊಂದು ಬಳ್ಳಿ. ನಮ್ಮ ಓಣಿಯ ಹೊಂಡದವು ಮಾತ್ರ ಕಮಲಾಪುರದ ಹೊಲಗಳವಕ್ಕೆ ಹೊಂದಲಿಲ್ಲ, ಅಷ್ಟು ದೂರ ಕಲಬುರಗಿಯ ಪಕ್ಕದ ಕುಸನೂರಿನವಕ್ಕೆ ಹೊಂದಿದವು. ಕಪ್ಪೆ ಏನು ಬಸ್ಸು ಹತ್ತಿ ಬಂತೇ? ಮಾದರಿಗಳು ಅದಲುಬದಲಾಗಿವೆ ಎಂದು ಝಹೀರ್ ತಲೆ ಚಚ್ಚಿಕೊಂಡರು. ಹೊಸ ಮಾದರಿ ತಂದು ಓದಿಸಿದರೂ ಅದೇ ಬಂತು.

ಊಟಕ್ಕೆ ಕೂತಾಗ ಅವ್ವನಿಗೆ ಈ ಪೇಚಾಟ ಹೇಳಿದೆ. ನನ್ನವ್ವ ಸೂಗಮ್ಮ ಕುಸನೂರಿನ ಮಗಳು, ಕಮಲಾಪುರದ ಸೊಸೆ. ಕೈಯಲ್ಲಿದ್ದ ರೊಟ್ಟಿ ಇಟ್ಟು ನಗತೊಡಗಿದಳು. ನಾನು ಹುಟ್ಟುವ ಮುಂಚೆ ಒಂದು ವರ್ಷ ಮೊದಲ ಮಳೆ ಬಿದ್ದು ಆಮೇಲೆ ಮಾಯವಾಯಿತಂತೆ. ಓಣಿಯ ಹೆಂಗಸರು ಕಪ್ಪೆ ಮದುವೆ ಮಾಡಲು ಹೊರಟರು. ಗಂಡು ಈ ಊರಿನದಾದರೆ ಹೆಣ್ಣು ಪರ ಊರಿನದೇ ಆಗಬೇಕೆಂದು ಹಟ. ಅವ್ವ ತವರಿನ ಹೊಂಡದಿಂದ ಮೊಟ್ಟೆ ತುಂಬಿದ ಹೆಣ್ಣು ಕಪ್ಪೆಯೊಂದನ್ನು ತಂಬಿಗೆಯಲ್ಲಿ ಹಾಕಿ, ಬಾಯಿಗೆ ಹಸಿ ಬಟ್ಟೆ ಕಟ್ಟಿ ಬಸ್ಸಿನಲ್ಲೇ ತಂದಳು. ಅರಿಶಿನ ಹಚ್ಚಿ, ಅಕ್ಕಿಕಾಳು ಹಾಕಿ, ಆಗಷ್ಟೇ ತೋಡಿದ್ದ ಈ ಹೊಂಡಕ್ಕೆ ಬಿಟ್ಟರು. ಮಳೆ ಬಂತೋ ಇಲ್ಲವೋ ಅವ್ವನಿಗೆ ನೆನಪಿಲ್ಲ. ಈ ಹೊಂಡದಲ್ಲಿ ಕೂಗುವವೆಲ್ಲ ಆ ಮದುಮಗಳ ಸಂತಾನ.

ಅದರ ತವರು ಈಗ ಇಲ್ಲ. ಕುಸನೂರನ್ನು ಶಹರ ನುಂಗಿತು, ಹೊಂಡ ಮುಚ್ಚಿ ಪ್ಲಾಟು ಹಾಕಿದರು. ಅವ್ವನನ್ನು ಒಮ್ಮೆ ಕರೆದೊಯ್ದೆ. ತಾನು ಕೊಡ ತುಂಬುತ್ತಿದ್ದ ಜಾಗ ಯಾವುದೆಂದು ಅವಳಿಗೆ ಗುರುತೇ ಹತ್ತಲಿಲ್ಲ. ಯಾರದೋ ಗೇಟಿನ ಮುಂದೆ ಸುಮ್ಮನೆ ನಿಂತಳು. ಮನೆಯವರು ಹೊರಬಂದು ಯಾರು ಬೇಕು ಎಂದು ಕೇಳಿದರು. ಏನಿಲ್ರೀ ಎಂದು ಹೇಳಿ ತಿರುಗಿ ಬಂದಳು.

ನಾವು ಹುಡುಕಿದ ಮಟ್ಟಿಗೆ ಆ ಬಳ್ಳಿ ಉಳಿದಿರುವುದು ನಿಮ್ಮ ಸಿಮೆಂಟು ಇನ್ನೂ ತಲುಪದ ಆ ಅರ್ಧ ದಂಡೆಯಲ್ಲಿ ಮಾತ್ರ. ಬೇಕಿದ್ದರೆ ಬೇರೆ ಕಡೆ ಬಿಡಿ ಎಂದಿರಿ. ಮಣ್ಣಿನೊಳಗೆ ಮಲಗಿದವನ್ನು ಎಲ್ಲೆಂದು ಅಗೆಯಲಿ? ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ ಹೆಸರಿಲ್ಲ ಎಂದಿರಿ. ಒಂದು ಮನೆತನ ಅಳಿದುಹೋದಾಗ, ಮನುಷ್ಯರು ಎಲ್ಲಾ ಕಡೆ ಇದ್ದಾರೆ ಬಿಡಿ ಎಂದು ಯಾರಿಗಾದರೂ ಸಮಾಧಾನ ಹೇಳುತ್ತೀರಾ? ಹೇಳಿಯೂ ಹೇಳಬಹುದು, ನಿಮ್ಮ ಬಗ್ಗೆ ನನಗೀಗ ಯಾವುದೂ ಆಶ್ಚರ್ಯವಲ್ಲ.

ನಾನು ಕೇಳುವುದು ಇಷ್ಟೇ. ಕೆಲಸ ನಿಲ್ಲಿಸಿ. ವಾಯುವಿಹಾರದವರಿಗೆ ಆಗಲೇ ಕಟ್ಟಿದ ದಂಡೆ ಸಾಕು, ಇನ್ನೊಂದನ್ನು ಮಣ್ಣಾಗಿಯೇ ಬಿಡಿ. ನಂಬಿಕೆಯಾಗದಿದ್ದರೆ ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ಮೇಲೆ ಖುದ್ದು ಬಂದು ದಂಡೆಯ ಮೇಲೆ ನಿಲ್ಲಿ.

ಈ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದಳು: "ಕಪ್ಪಿ ಸಲುವಾಗಿ ಅಂತ ಬರದ್ರ ಯಾರು ಕೇಳ್ತಾರವ್ವಾ? ಸೂಗಮ್ಮನ ತವರಮನಿ ಅಂಬೋದು ಅದೊಂದೇ ಉಳದದ, ಅಂತ ಬರಿ."

ಬರೆದಿದ್ದೇನೆ.

ಇಂತಿ,
ಅರ್ಧ ದಂಡೆಗಾಗಿ ಸೆರಗೊಡ್ಡಿ ನಿಂತ
ಮಲ್ಲಿಕಾ, ಸೂಗಮ್ಮನ ಮಗಳು
ಕಮಲಾಪುರ