ಬೆನ್ನ ಮೇಲಿನ ಕೈ

ಅವರ್ಸಾ,
೧೧ ಫೆಬ್ರವರಿ ೨೦೨೫

ಪ್ರೀತಿಯ ನಿಶಾ,

ಒಂದೇ ಮನೆಯಲ್ಲಿದ್ದು ಪತ್ರ ಬರೆಯುವ ಅಮ್ಮನಿಗೆ ತಲೆ ಕೆಟ್ಟಿದೆ ಎಂದು ನಗಬೇಡ. ನೀನು ಬಾಣಂತಿ ಕೋಣೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದೀಯ. ನಾನು ಅಡುಗೆಮನೆಯಲ್ಲಿ ನಿನ್ನ ಕಷಾಯ ಕುದಿಯಲಿಕ್ಕಿಟ್ಟು ಬರೆಯುತ್ತಿದ್ದೇನೆ. ದಿನಾ ನಿನ್ನ ಬೆನ್ನಿಗೆ ಎಣ್ಣೆ ತಿಕ್ಕಿ ಮೀಯಿಸುವಾಗ ಹೇಳಬೇಕು ಅಂದುಕೊಳ್ಳುತ್ತೇನೆ. ಬಾಯಿಗೆ ಬಂದದ್ದು ಬಚ್ಚಲಿನ ನೀರಿನ ಜೊತೆ ಹೋಗಿಬಿಡುತ್ತದೆ.

ನಾಳೆ ಬಾರಸೆ. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡಲಿಕ್ಕೆ ನಿನ್ನ ಗಂಡ ಸಂಕೇತರು ಕಾರವಾರದಿಂದ ಬರುತ್ತಾರೆ. ಅಲ್ಲಿಯವರೆಗೆ ಅಳಿಯ ಬಾಣಂತಿಯನ್ನು ನೋಡಲು ಬರುವ ಪದ್ಧತಿ ನಮ್ಮಲ್ಲಿಲ್ಲ, ಸರಿ. ಆದರೆ ನೀನು ಅವರ ಫೋನನ್ನೂ ಎತ್ತುತ್ತಿಲ್ಲ. ನಿನ್ನೆ ಅಂದೆಯಲ್ಲ, "ಬಂದು ಹೆಸರಿಟ್ಟು ಹೋಗ್ಲಿ ಅಮ್ಮಾ, ನಾ ಮಾತ್ರ ಇನ್ನು ಅವ್ರ ಸಂಗಡ ಹೋಗೂದಿಲ್ಲ" ಎಂದು. ಆಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಹೆರಿಗೆಯ ದಿನ, ತಿಂಗಳು ತುಂಬುವ ಮೊದಲೇ ನಿನಗೆ ನೋವು ಬಂದಿತ್ತು. ನಾನು ಬಸ್ಸಿಳಿದು ಕಾರವಾರದ ಆಸ್ಪತ್ರೆಗೆ ಓಡಿ ಬಂದೆ. ಹೆರಿಗೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನೀನು ಎರಡೂ ಕೈಯನ್ನು ಸಂಕೇತರ ಕೊರಳಿಗೆ ಹಾಕಿ ನಿಂತಿದ್ದೆ. ಅವರು ನಿನ್ನ ಸೊಂಟಕ್ಕೆ ತೆಂಗಿನೆಣ್ಣೆ ನೀವುತ್ತ ನಿನ್ನ ಸಂಗಡ ಮೆಲ್ಲಗೆ ತೂಗುತ್ತಿದ್ದರು. ನೋವು ಏರಿದಾಗ ನಿನ್ನ ಕುತ್ತಿಗೆಗೆ ಮುತ್ತಿಟ್ಟರು, ಆಮೇಲೆ ತುಟಿಗೆ. ನೀನು ನರಳಿದೆ. ಅದು ಬರೀ ನೋವಿನ ನರಳಾಟ ಆಗಿರಲಿಲ್ಲ. ಹೆರುವ ಹೆಂಗಸಿನ ಬಾಯಲ್ಲಿ ಅಂಥ ಸ್ವರ ನಾನು ಕೇಳಿರಲೇ ಇಲ್ಲ.

ಸಿಸ್ಟರ್ ಹೀರಾ ನನ್ನ ಮುಖ ನೋಡಿ ನಕ್ಕಳು. "ಹಾಂಗೇ ಇರ್ಲಿ ಬಿಡಿ ಅಮ್ಮಾ. ಮೈ ಸಡಿಲ ಆದಷ್ಟೂ ಹೆರಿಗೆ ಸಲೀಸು" ಎಂದಳು. ಪಾಳಿ ಮುಗಿಯಿತೆಂದು ಹೊರಟೂ ಹೋದಳು.

ನನಗೆ ಏನಾಯಿತೆಂದು ಇವತ್ತಿಗೂ ತಿಳಿಯುವುದಿಲ್ಲ. ನಾಚಿಕೆಯೋ? ಸಿಟ್ಟೋ? ನೀನು ಹುಟ್ಟುವಾಗ ಕೇಣಿಯ ತವರಿನಲ್ಲಿ ನಾನು ಚಾದರದ ತುದಿ ಕಚ್ಚಿಕೊಂಡು ಹೆತ್ತೆ. ಜೊತೆಗಿದ್ದದ್ದು ಸೂಲಗಿತ್ತಿ ಬೊಮ್ಮಿ ಒಬ್ಬಳೇ. ನಿನ್ನ ಅಪ್ಪ ಹನ್ನೆರಡನೇ ದಿನ ಹೊಸ ಅಂಗಿ ಹಾಕಿಕೊಂಡು ಬಂದರು, ದೂರ ನಿಂತೇ "ಹುಷಾರಿದ್ಯಾ" ಎಂದರು. ಅಷ್ಟಕ್ಕೇ ನಾನು ಹಿಗ್ಗಿದ್ದೆ. ಅದು ಸಾಲದಾಗಿತ್ತು ಎಂದು ಆ ಬಾಗಿಲಲ್ಲಿ ನಿಂತಾಗ ಮೊದಲ ಸಲ ಅನ್ನಿಸಿತು. ತಾಯಿಗೆ ಮಗಳ ಮೇಲೆ ಹೊಟ್ಟೆಕಿಚ್ಚು ಬರುವುದುಂಟೇ? ಬಂದರೆ ಅವಳು ಎಂಥ ತಾಯಿ?

ನಿನಗೆ ನೀರು ತರಲು ಹೊರಬಂದ ಸಂಕೇತರು ಮತ್ತೆ ಒಳಗೆ ಬರಲಿಲ್ಲ. ಒಬ್ಬರನ್ನಷ್ಟೇ ಒಳಗೆ ಬಿಡುತ್ತಿದ್ದರು, ಅವರ ಬದಲು ನಾನು ಬಂದೆ. ಸೊಂಟ ತಿಕ್ಕಹೋದರೆ ನೀನು "ನಿನ್ನ ಕೈ ಅಲ್ಲ ಅಮ್ಮಾ" ಎಂದು ನನ್ನನ್ನು ತಳ್ಳಿದೆ. ಆಮೇಲೆ ಮೈ ಬಿಗಿಹಿಡಿದು ಹಲ್ಲು ಕಚ್ಚಿದೆ, ಥೇಟ್ ನನ್ನ ಹಾಗೆಯೇ. ಐದು ತಾಸು ಹಾಗೇ ಹೋಯಿತು. "ಅವ್ರೆಲ್ಲಿ" ಎಂದು ಕೇಳುತ್ತಲೇ ಇದ್ದೆ. ರಕ್ತ ಕಂಡು ತಲೆ ತಿರುಗಿತಂತೆ ಎಂದೆ ನಾನು.

ಇಷ್ಟಕ್ಕೆ ಯಾರಾದರೂ ಗಂಡನನ್ನು ಬಿಡುತ್ತಾರೆಯೇ ಮಗಳೇ? ಅವರನ್ನು ಕ್ಷಮಿಸಿಬಿಡು. ಕಷಾಯ ಉಕ್ಕುತ್ತಿದೆ, ಏಳುತ್ತೇನೆ.

ನಿನ್ನ ಅಮ್ಮ,
ಜಯಂತಿ

ತಾ.ಕ.: ಮಡಚಿದ ಪತ್ರ ಮತ್ತೆ ಬಿಚ್ಚಿದೆ. ಅವರಿಗೆ ತಲೆ ತಿರುಗಲಿಲ್ಲ ನಿಶಾ. "ಅವ್ಳಿಗೆ ನಾಚ್ಕೆ ಆಗ್ತದಂತೆ, ನೀವು ಹೊರಗೇ ಇರ್ಬೇಕಂತೆ" ಎಂದು ನಾನೇ ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿ ಅವರನ್ನು ತಡೆದೆ. ಮಗು ಹುಟ್ಟಿದ ಮೇಲೆ ನೀನು "ರಕ್ತ ಕಂಡು ತಲೆ ತಿರುಗಿ ಎಲ್ಲಿ ಓಡಿ ಹೋಗಿದ್ರಿ" ಎಂದು ಕೇಳಿದಾಗ ನನ್ನ ಸುಳ್ಳೆಲ್ಲ ಅವರಿಗೆ ತಿಳಿಯಿತು. ಒಮ್ಮೆ ನನ್ನ ಮುಖ ನೋಡಿ, ತಲೆ ತಿರುಗಿದ್ದು ನಿಜ ಎಂದರು. ಕ್ಷಮಿಸುವುದಿದ್ದರೆ ನನ್ನನ್ನು ಕ್ಷಮಿಸಬೇಕು. ಆ ಐದು ತಾಸೂ ಅವರು ಬಾಗಿಲಿನ ಆಚೆಗೇ ನಿಂತಿದ್ದರು, ಕೈಯ ಎಣ್ಣೆಯನ್ನು ಒರೆಸಿಕೊಂಡಿರಲಿಲ್ಲ.