ನೀವು ಎಂಜಿನ್ ಆರಿಸಿದ ಗಳಿಗೆ

ಭಾನುವಾರ, ಮಧ್ಯಾಹ್ನ

ಆಸ್ಪತ್ರೆಯಲ್ಲೂ ಸುಮ್ಮನೆ ಮಲಗದ ಪೈಲಟ್ ಸಾಹೇಬರಿಗೆ,

ಭುಜದ ಮೂಳೆ ಕೂಡಿಕೊಳ್ಳುತ್ತಿದೆಯೆಂದು ನರ್ಸ್ ಹೇಳಿದರು. ಎಡಗೈಯಲ್ಲೇ ಊಟ ಮಾಡುತ್ತ, ಪಕ್ಕದ ಹಾಸಿಗೆಯವರಿಗೆ ವಿಮಾನ ಹಾರಿಸುವ ಪಾಠ ಹೇಳುತ್ತಿದ್ದೀರಂತೆ.

ನಾವು ಬೇರೆ ಬೇರೆ ಮನೆ ಮಾಡಿ ವರ್ಷವಾಯಿತು. ಹೆಂಡತಿಯಾಗಿ ಬರೆಯಲು ಕೈ ತಡವರಿಸುತ್ತದೆ. ನೀವು ಓಡಿಸಿದ ವಾಹನದ ವಿನ್ಯಾಸ ಮಾಡಿದವಳಾಗಿ ಬರೆಯುವುದು ಸುಲಭ.

ನೀವು ಒಳಗಿದ್ದಿರಿ, ನಿಮಗೆ ಅದರ ಅಂದ ಕಾಣಲಿಲ್ಲ. ಪರೀಕ್ಷೆಯ ದಿನ ದಡದಿಂದ ನಾನು ಕಂಡದ್ದನ್ನು ಹೇಳುತ್ತೇನೆ. ಶೆಡ್ಡಿನವರು ‘ಹಾರುವ ಎಮ್ಮೆ’ ಎಂದು ಹಂಗಿಸುತ್ತಿದ್ದ ನಮ್ಮ ವಾಹನ, ರೆಕ್ಕೆಯಡಿ ಒತ್ತಿಕೊಂಡ ಗಾಳಿಯನ್ನೇ ಹಾಸಿಗೆ ಮಾಡಿಕೊಂಡು, ಅಲೆಗಳಿಂದ ಆಳೆತ್ತರದಲ್ಲಿ ಬರುತ್ತಿತ್ತು. ಒಳಗೆ ಒಂದು ತುಕಡಿ ಸೈನಿಕರು. ಹಡಗಿಗೆ ಅರ್ಧ ದಿನ ಹಿಡಿಯುವ ದೂರವನ್ನು ಹರಟೆ ಹೊಡೆಯುವಷ್ಟು ಹೊತ್ತಿನಲ್ಲಿ ಮುಗಿಸಿ, ಬೂಟು ನೆನೆಯದಂತೆ ಮರಳಿಗೆ ಇಳಿಸಬೇಕಿತ್ತು. ಆಗ ಅಡ್ಡ ಬಂತು ಆ ಮೀನಿನ ದೋಣಿ. ಅದರಲ್ಲಿದ್ದ ಇಬ್ಬರು ತಲೆಯನ್ನೂ ಎತ್ತದೆ ಬಲೆ ಎಳೆಯುತ್ತಿದ್ದರು.

ಮೇಲೇರಿಸಿದರೆ ಗಾಳಿಯ ಆಸರೆ ತಪ್ಪಿ, ಅಷ್ಟು ಭಾರಕ್ಕೆ ಮುಗ್ಗರಿಸುತ್ತಿತ್ತು. ತಿರುಗಿಸಿದರೆ ರೆಕ್ಕೆಯ ತುದಿ ನೀರಿಗೆ ತಾಗುತ್ತಿತ್ತು. ನನ್ನ ಪಕ್ಕದಲ್ಲಿದ್ದ ಕರ್ನಲ್ “ಎತ್ತು, ಎತ್ತು” ಎನ್ನುತ್ತಲೇ ಇದ್ದರು. ನೀವು ಎಂಜಿನ್ ಆರಿಸಿದಿರಿ. ಸದ್ದು ನಿಂತಿತು. ವಾಹನ ಬಾತುಕೋಳಿಯಂತೆ ಹೊಟ್ಟೆಯೂರಿ, ನೀರನ್ನು ಸೀಳುತ್ತ ಬಂದು, ದೋಣಿ ಇನ್ನೂ ಸ್ವಲ್ಪ ದೂರವಿರುವಾಗಲೇ ನಿಂತಿತು. ಹೊರಗೆ ಬಂದ ಸೈನಿಕನೊಬ್ಬ, “ಬಸ್ಸು ಗುಂಡಿಗೆ ಇಳಿದ ಹಾಗಾಯ್ತು, ಅಷ್ಟೇ” ಎಂದ. ಮುರಿದದ್ದು ನಿಮ್ಮ ಭುಜ ಮಾತ್ರ.

ನಿನ್ನೆ ವಿಚಾರಣೆ ನಡೆಯಿತು. “ಪೈಲಟ್ ಹೆದರಿ ಪರೀಕ್ಷೆ ಕೆಡಿಸಿದ್ರು ಅಂತ ಬರೆದರೆ ಮುಗೀತಲ್ಲ” ಎಂದರು ಅಧ್ಯಕ್ಷರು.

“ಹೆದರಿದವನು ಮೇಲಕ್ಕೆ ಎಳೀತಾನೆ ಸಾರ್. ಇಷ್ಟು ಭಾರ ಹೊತ್ತು, ಇಷ್ಟು ವೇಗದಲ್ಲಿ ನೀರಿಗಿಳಿದ್ರೆ ಉಳಿಯುತ್ತೋ ಇಲ್ವೋ ಅಂತ ನೋಡೋಕೆ ನಾವೇ ಹಿಂದೇಟು ಹಾಕಿದ್ವಿ. ಅವರು ಮಾಡಿ ತೋರಿಸಿದ್ದಾರೆ” ಎಂದೆ.

ಆಮೇಲೆ ಕರ್ನಲ್ ಎದ್ದು ನಿಂತರು. “ಎತ್ತು ಅಂತ ಕೂಗಿದ್ದು ನಾನೇ. ನನ್ನ ಮಾತು ಕೇಳಿಸಿದ್ದರೆ ನನ್ನ ಹುಡುಗರು ಇವತ್ತು ಇರ್ತಿರಲಿಲ್ಲ” ಎಂದರು. ಅಲ್ಲಿಗೆ ಎಲ್ಲ ತಿರುಗಿತು. ಎರಡನೆಯ ವಾಹನ ಕಟ್ಟಲು ಒಪ್ಪಿಗೆ ಸಿಕ್ಕಿದೆ. ಅದರ ಮೊದಲ ಓಟಕ್ಕೆ ನೀವು ಗುಣವಾಗುವವರೆಗೆ ಕಾಯುತ್ತಾರಂತೆ.

ಎಷ್ಟೋ ಪೈಲಟ್‌ಗಳನ್ನು ಕಂಡಿದ್ದೇನೆ. ಹಾರುವುದನ್ನು ಬಿಟ್ಟುಕೊಡುವ ಧೈರ್ಯ ಇದ್ದವರನ್ನು ಕಂಡದ್ದು ಇದೇ ಮೊದಲು.

ಇಂತಿ,
ಮುಖ್ಯಸ್ಥೆ, ವಿನ್ಯಾಸ ವಿಭಾಗ

ತಾ.ಕ.: ಎಲ್ಲ ಮುಗಿದು ಚಹಾ ಕುಡಿಯುವಾಗ, ಆ ಪೈಲಟ್ ಮೇಲೆ ಅಷ್ಟೊಂದು ನಂಬಿಕೆ ಹೇಗೆ ಎಂದು ಅಧ್ಯಕ್ಷರು ಕೇಳಿದರು. “ನನ್ನ ಗಂಡ ಸಾರ್” ಎಂದೆ, ಬಾಯಿಂದ ಬಂದೇಬಿಟ್ಟಿತು. ಬುಧವಾರ ನಿಮ್ಮನ್ನು ಮನೆಗೆ ಕಳಿಸುತ್ತಾರಂತೆ. ಕಾರು ನಾನು ತರುತ್ತೇನೆ. ಯಾವ ಮನೆಗೆ ಎಂದು ನೀವೇ ಹೇಳಿ.