ಎಲ್ಲಾ ಮಲಗವೆ

ಲಗ್ಗೆರೆ
ಮಾರ್ಚ್ ೨೦೧೮, ಶನಿವಾರ

ಅಮ್ಮಾ,

ಮೇಲಿನ ಮನೆಯ ಕಾವ್ಯಾ ಮಾಡುವ ನಮಸ್ಕಾರ. ಬೊಮ್ಮಸಂದ್ರದ ನಿಮ್ಮ ಮನೆ ಬಿಟ್ಟು ಐದು ವರ್ಷವಾಯಿತು, ಈಗ ನಮ್ಮ ಸಂಸಾರ ಬೆಂಗಳೂರಿನ ಈ ತುದಿಯ ಲಗ್ಗೆರೆಯಲ್ಲಿದೆ. ಆದರೂ ನಿಮ್ಮ ಲೆಕ್ಕಕ್ಕೆ ನಾನು ಯಾವತ್ತೂ ಮೇಲಿನ ಮನೆಯವಳೇ.

ಫೋನ್ ಮಾಡೋದು ಬಿಟ್ಟು ಕಾಗದ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನೀವು ಯಾರ ಮಾತನ್ನೂ ಮುಗಿಸಲು ಬಿಡುವುದಿಲ್ಲ. 'ಊಟ ಆಯ್ತಾ, ಮೇಷ್ಟ್ರು ಚೆನ್ನಾಗವ್ರಾ, ಇಡ್ತೀನಿ ಕಣವ್ವ' ಎಂದವರು ನಾನು ಬಾಯಿ ತೆರೆಯುವ ಮೊದಲೇ ಇಟ್ಟೂಬಿಟ್ಟಿರುತ್ತೀರಿ. ನಿಮಗೆ ಹೇಳಬೇಕಾದದ್ದೊಂದು ಏಳು ವರ್ಷದಿಂದ ನನ್ನ ಗಂಟಲಲ್ಲೇ ಕೂತಿದೆ. ನಿಮಗೆ ಓದು ಬಾರದು, ಮೊಮ್ಮಗಳು ವೇಣಿ ಓದಿ ಹೇಳುತ್ತಾಳೆ. ವೇಣಿ, ಒಂದು ಸಾಲನ್ನೂ ಬಿಡಬೇಡ. ನನ್ನ ಮರ್ಯಾದೆ ಹೋಗುವ ಸಾಲುಗಳನ್ನಂತೂ ಬಿಡಲೇಬೇಡ.

ಮೊನ್ನೆ ವೇಣಿಯೇ ಫೋನ್ ಮಾಡಿ ಹೇಳಿದಳು. ಜ್ವರ ಬಿಟ್ಟು ಮೂರು ವಾರವಾದರೂ ನಿಮ್ಮ ಬಾಯಿ ಕೆಟ್ಟೇ ಇದೆಯಂತೆ. ಮುದ್ದೆ ಮುರಿದು ಎರಡು ತುತ್ತು ನುಂಗಿ ತಟ್ಟೆ ಸರಿಸುತ್ತೀರಂತೆ. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ ಎಂದಿದ್ದಾರಂತೆ ಡಾಕ್ಟರು. ಅಂಗಡಿಯ ಪುದೀನ ತಂದು ಚಟ್ನಿ ಮಾಡಿಕೊಟ್ಟರೆ 'ಹುಲ್ಲು ಅರೆದಂಗೈತೆ' ಅಂದಿರಂತೆ. ನಿಮ್ಮ ಹಿತ್ತಲಿನ ಪುದೀನದ ಜಾಗದಲ್ಲಿ ಈಗ ನಿಮ್ಮ ಮಗ ಅಂಜನ್ ಕಟ್ಟಿಸಿದ ಬಾಡಿಗೆ ರೂಮುಗಳಿವೆ, ಒಂದು ಕಡ್ಡಿಯೂ ಉಳಿದಿಲ್ಲ ಎಂದಳು. ಅದನ್ನು ಕೇಳಿದ ಮೇಲೆ ನನ್ನ ಮನಸ್ಸು ತಡೆಯಲಿಲ್ಲ.

ನಾವು ನಿಮ್ಮ ಮನೆಗೆ ಬಾಡಿಗೆಗೆ ಬಂದದ್ದು ೨೦೧೧ರ ಬೇಸಿಗೆಯಲ್ಲಿ. ನನ್ನ ಯಜಮಾನರು ಸಿದ್ದಾರ್ಥ್‌ಗೆ ಬೊಮ್ಮಸಂದ್ರದ ಒಂದು ಯಂತ್ರದ ಕಾರ್ಖಾನೆ, ನನಗೆ ಔಷಧಿ ಕಂಪನಿಯ ಪ್ಯಾಕಿಂಗ್ ವಿಭಾಗ. ಬಂದ ಎರಡೇ ವಾರಕ್ಕೆ ಹಾವೇರಿಯಿಂದ ಅಪ್ಪನನ್ನು ಕರೆದುಕೊಂಡು ಬಂದೆ. ಪಂಚಾಕ್ಷರಿ ಮೇಷ್ಟ್ರು ಎಂದರೆ ನಮ್ಮ ಕಡೆ ಮೂರು ಊರಿನ ಮಕ್ಕಳು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅಂಥವರು ಕಾಮಾಲೆಯಾಗಿ ಕಡ್ಡಿಯಂತಾಗಿದ್ದರು. ರೋಗ ಇಳಿದಿತ್ತು, ಹಸಿವು ಮಾತ್ರ ಬಂದಿರಲಿಲ್ಲ. ಅವ್ವ ಹೋದ ಮೇಲೆ ಊಟದ ಮೇಲೆ ಇದ್ದ ಅಷ್ಟಿಷ್ಟು ಆಸೆಯೂ ಹೋಗಿತ್ತು. ಏನು ಇಟ್ಟರೂ 'ಬಾಯಿ ಒಲ್ಲೆ ಅಂತೈತಿ' ಎನ್ನುವ ಒಂದೇ ಮಾತು. ಇನ್ನೆರಡು ಕೆಜಿ ಇಳಿದರೆ ಮತ್ತೆ ಆಸ್ಪತ್ರೆಗೆ ಎಂದು ಡಾಕ್ಟರು ಹೇಳಿದ್ದರು. ನಾನು ಕೆಲಸಕ್ಕೆ ಹೋಗುತ್ತಿದ್ದೆನಷ್ಟೆ, ಜೀವವೆಲ್ಲ ಅವರು ಉಣ್ಣದೆ ಬಿಟ್ಟ ತಟ್ಟೆಯ ಮೇಲೇ ಇರುತ್ತಿತ್ತು.

ಒಂದು ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಕಿಟಕಿಯ ಹತ್ತಿರ ಕೂತಿದ್ದರು. ಕೆಳಗೆ ನೀವು ಆಗಷ್ಟೇ ಹಿತ್ತಲಿಗೆ ನೀರು ಹಾಕಿ ಒಳಗೆ ಹೋಗಿದ್ದಿರಿ. 'ಪುದೀನಾ ವಾಸ್ನಿ ಬರಾಕತ್ತೈತಿ. ಅದರ ಚಟ್ನಿ ಇದ್ರ ಅರ್ಧ ರೊಟ್ಟಿ ತಿಂದೇನು ನೋಡವಾ' ಅಂದರು. ಎರಡು ತಿಂಗಳಲ್ಲಿ ಅವರಾಗಿಯೇ ಬಾಯಿ ಬಿಟ್ಟು ಕೇಳಿದ ಮೊದಲ ತಿನಿಸು ಅದು. ಬ್ಯಾಗು ಇಳಿಸಲೂ ಇಲ್ಲ, ಮೆಟ್ಟಿಲು ಇಳಿದು ಓಡಿ ಬಂದೆ.

ನಿಮ್ಮ ಮನೆಯಲ್ಲಿ ಆಗಲೇ ದೀಪ ಹಚ್ಚಿದ್ದಿರಿ. ಒಂದು ಹಿಡಿ ಪುದೀನ ಬೇಕಿತ್ತು ಎಂದೆ. ನೀವು ಬಾಗಿಲಲ್ಲೇ ನಿಂತು ದನಿ ತಗ್ಗಿಸಿ, 'ಈಗ ಬ್ಯಾಡ ಕಣವ್ವ, ಎಲ್ಲಾ ಮಲಗವೆ. ಬೆಳಿಗ್ಗೆ ಬಾ' ಅಂದಿರಿ.

ನನ್ನ ಹಾವೇರಿಯ ಕಿವಿಗೆ ಅದು 'ಎಲ್ಲಾ ಮಲಗವ್ರೆ' ಎಂದು ಕೇಳಿಸಿತು. ಮನೆಯವರೆಲ್ಲ ಮಲಗಿದ್ದಾರೆ ಎಂದು. ಗಂಟೆ ನೋಡಿದರೆ ಏಳು. ನಿಮ್ಮ ಯಜಮಾನರು ಲಕ್ಷ್ಮಣಪ್ಪನವರು ಜಗಲಿಯ ಮೇಲೆ ಕಾಲು ಚಾಚಿ ಪೇಪರು ಓದುತ್ತಿದ್ದಾರೆ, ಒಳಗೆ ಟೀವಿಯಲ್ಲಿ ಧಾರಾವಾಹಿಯ ಅತ್ತೆ ಕಿರುಚುತ್ತಿದ್ದಾಳೆ, ವೇಣಿ ಜೋರಾಗಿ ಮಗ್ಗಿ ಒಪ್ಪಿಸುತ್ತಿದ್ದಾಳೆ. ಇಷ್ಟು ಜನ ಎದ್ದಿರುವ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನ್ನ ಮೂಗಿನ ತುದಿಯ ಸಿಟ್ಟು ನಿಮಗೆ ಗೊತ್ತಿರುವುದೇ. ಮೆಟ್ಟಿಲು ಹತ್ತುತ್ತ, ಕೆಳಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಅಂದೆ: 'ಏಳು ಗಂಟೇಕ್ಕ ಎಲ್ಲಾರೂ ಮಲಗ್ಯಾರಂತ. ಒಂದ್ ಹಿಡಿ ಸೊಪ್ಪು ಕೊಡಾಕ ಎಷ್ಟ್ ಸುಳ್ಳು, ಎಂಥಾ ಜನ.'

ವೇಣಿ, ಇಲ್ಲಿ ನಿಲ್ಲಿಸಬೇಡ, ಮುಂದೆ ಓದು.

ಸಿದ್ದಾರ್ಥ್‌ರನ್ನು ಚಂದಾಪುರಕ್ಕೆ ಓಡಿಸಿ ಪುದೀನ ತರಿಸಿದೆ. ಬೆಳಗಿನಿಂದ ಗೋಣಿಯ ಮೇಲೆ ಬಿದ್ದು ಬಾಡಿ ಕಪ್ಪಾದ ಕಟ್ಟು. ಅರೆದು ಕೊಟ್ಟೆ. ಅಪ್ಪ ನಾಲಿಗೆಗೆ ಮುಟ್ಟಿಸಿ, ನನಗೆ ಬೇಜಾರಾಗಬಾರದೆಂದು ಚೆನ್ನಾಗಿದೆ ಎಂದು ತಲೆಯಾಡಿಸಿ, ಕೈ ತೊಳೆದರು. ಆ ರಾತ್ರಿಯೆಲ್ಲ ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಬೆಳಿಗ್ಗೆ ಸೂರ್ಯ ಇನ್ನೂ ಕಾರ್ಖಾನೆಯ ತಗಡಿನ ಮೇಲೆ ಬಂದಿರಲಿಲ್ಲ, ಬಾಗಿಲು ತಟ್ಟಿದ ಸದ್ದು. ನೀವು ಆಚೆ ನಿಂತಿದ್ದಿರಿ. ಮಂಡಿನೋವಿಗೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದವರು ಹದಿನಾರು ಮೆಟ್ಟಿಲು ಹತ್ತಿ ಬಂದಿದ್ದಿರಿ. ಸೆರಗಿನಲ್ಲಿ ಇಬ್ಬನಿ ಆರದ ಪುದೀನ. 'ಈಗ ಎದ್ದವೆ, ತಗೊ' ಎಂದು ನನ್ನ ಕೈಗೆ ಸುರಿದು ಹೊರಟೇಬಿಟ್ಟಿರಿ. ಹಿಂದಿನ ಸಂಜೆಯ ಮಾತು ನಿಮ್ಮ ಮುಖದಲ್ಲಿ ಎಲ್ಲೂ ಇರಲಿಲ್ಲ.

ನೀವು ನನ್ನನ್ನು ಅಣಕಿಸಿದಿರಿ ಅಂದುಕೊಂಡು ಅಪ್ಪನ ಮುಂದೆ ಗೊಣಗಿದೆ. ಅವರು ಹಾಸಿಗೆಯಲ್ಲಿ ಎದ್ದು ಕೂತರು. ನಲವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವರು. 'ನಿನ್ನೆ ಆಕಿ ಮಲಗ್ಯಾರ ಅಂದ್ಳೋ, ಮಲಗ್ಯಾವ ಅಂದ್ಳೋ? ನೆಪ್ಪು ಮಾಡ್ಕೊ' ಅಂದರು. ನೆನಪು ಮಾಡಿಕೊಂಡು, 'ಮಲಗವೆ' ಅಂದರು ಎಂದೆ. ಅಪ್ಪ ನಕ್ಕರು. ಅವರ ನಗು ಕೇಳಿ ನನಗೆ ತಿಂಗಳುಗಳೇ ಆಗಿದ್ದವು. 'ಹುಚ್ಚಿ, ಆಕಿ ಮಂದೀ ಸುದ್ದಿ ಹೇಳಿಲ್ಲ, ಗಿಡದ ಸುದ್ದಿ ಹೇಳ್ಯಾಳ. ಹೊತ್ತು ಮುಳುಗಿದ ಮ್ಯಾಲ ಗಿಡಾ ಮಲಗ್ತಾವ, ಮುಟ್ಟಬಾರದು. ನಿಮ್ಮವ್ವನೂ ಹಂಗ ಅಂತಿದ್ಳು.'

ನೀವು ದನಿ ತಗ್ಗಿಸಿದ್ದೂ ಅದಕ್ಕೇ ಇರಬೇಕು, ಮಲಗಿದವು ಎದ್ದಾವು ಎಂದು. ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ಬರೆಯಲು ಬರುವುದಿಲ್ಲ ಅಮ್ಮಾ. ಹಿತ್ತಲಿನ ಸೊಪ್ಪಿಗೂ ನಿದ್ದೆ ಕೆಡಬಾರದು ಎಂದು ನೋಡುವ ಹೆಂಗಸನ್ನು ನಾನು ಸುಳ್ಳುಗಾತಿ ಎಂದಿದ್ದೆ.

ಅವತ್ತು ಅಪ್ಪ ಅರ್ಧವಲ್ಲ, ಒಂದು ರೊಟ್ಟಿ ತಿಂದರು. ನಾನು ಒಲೆಯ ಕಡೆ ತಿರುಗಿ ನಿಂತು ಅತ್ತೆ.

ಸಂಜೆ ಬಂದು ತಪ್ಪಾಯಿತು ಎನ್ನಬೇಕೆಂದುಕೊಂಡೇ ಬಸ್ಸಿಳಿದೆ. ಬಂದರೆ ಎರಡನೇ ಮೆಟ್ಟಿಲ ಮೇಲೆ ಒಂದು ಹಿತ್ತಾಳೆ ಚೊಂಬು, ಅದರ ತುಂಬ ನೀರು, ನೀರಿನಲ್ಲಿ ಪುದೀನದ ಹಸಿ ಕಡ್ಡಿಗಳು. ನಾನು ಬರುವುದು ದೀಪ ಹಚ್ಚಿದ ಮೇಲೆ ಎಂದು ತಿಳಿದು, ಅವು ಮಲಗುವ ಮುಂಚೆಯೇ ಕೊಯ್ದು ಇಟ್ಟಿದ್ದಿರಿ. ಅವತ್ತಿನಿಂದ ನಾಲ್ಕು ತಿಂಗಳು ಒಂದು ದಿನವೂ ಆ ಚೊಂಬು ತಪ್ಪಲಿಲ್ಲ. ಕೊಟ್ಟ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು ಎಂದು ನಾನೂ ಬೆಳಿಗ್ಗೆ ಅದರ ಮೇಲೆ ಒಂದು ಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಪುಡಿಯ ಪೊಟ್ಟಣ ಇಟ್ಟು ಬರುತ್ತಿದ್ದೆ. 'ಇದು ರೊಟ್ಟಿನಾ, ಸೂರಿಗೆ ಹೊದಿಸೋ ತಗಡಾ' ಎಂದು ಲಕ್ಷ್ಮಣಪ್ಪನವರು ಕೇಳುತ್ತಿದ್ದರಲ್ಲ. ಕೇಳುತ್ತಲೇ ಸಾರಿನಲ್ಲಿ ನೆನೆಸಿ ಪೂರ್ತಿ ತಿನ್ನುತ್ತಿದ್ದರು.

ಭಾನುವಾರ ಬಂದರೆ ನಾನು ನಿಮ್ಮ ಹಿಂದೆ ಬಾಲ. ಪುದೀನವನ್ನು ಬಾಣಲೆಯಲ್ಲಿ ಹುರಿಯುತ್ತಿದ್ದ ನನ್ನ ಕೈಯಿಂದ ಸೌಟು ಕಿತ್ತುಕೊಂಡು, ಹುರಿದರೆ ಅದರ ಜೀವವೇ ಹೋಗುತ್ತದೆ ಎಂದು ಬೈದಿರಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಬಾಡಿಸಿ, ಒಲೆ ಆರಿಸಿ, ಆ ಬಿಸಿಯಲ್ಲೇ ಎಲೆಯನ್ನು ಎರಡು ಸಲ ಹೊರಳಿಸಿದರೆ ಸಾಕು. ಆಮೇಲೆ ಹುರಿಗಡಲೆ, ಬೀಜ ತೆಗೆದ ಒಂದು ಎಸಳು ಹುಣಸೆ. ಅಪ್ಪನಿಗೆ ಎಣ್ಣೆ ಆಗದು ಎಂದು ಎಣ್ಣೆಯಿಲ್ಲದೆ, ಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುಟ್ಟು ಮಾಡಿದ್ದು ನಿಮ್ಮದೇ ಉಪಾಯ. ಮಜ್ಜಿಗೆಗೆ ನಾಲ್ಕೆಲೆಯನ್ನು ಉಪ್ಪು ಜೀರಿಗೆ ಜೊತೆ ಜಜ್ಜಿ ಹಾಕುವುದು, ಉಪ್ಸಾರಿನ ಖಾರಕ್ಕೆ ಒಂದು ಚಿಟಿಕೆ ಸೇರಿಸುವುದು, ಅವರೆಕಾಯಿ ಕಾಲ ಬಂದರೆ ಕಾಳಿನ ಜೊತೆ ಅನ್ನಕ್ಕೆ ಅರೆದು ಹಾಕುವುದು. ಆ ಅವರೆಕಾಳು ಬಾತಿನ ದಿನ ಅಪ್ಪ ಎರಡನೇ ಸಲ ಬಡಿಸಿಕೊಂಡರು. ನೀವು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಈರುಳ್ಳಿ ಘಾಟು ಅಂದಿರಿ. ಅವತ್ತು ಮನೆಯಲ್ಲಿ ಯಾರೂ ಈರುಳ್ಳಿ ಹೆಚ್ಚಿರಲಿಲ್ಲ.

ಎಲೆ ಬಿಡಿಸಿದ ಕಡ್ಡಿಯನ್ನು ಕಸಕ್ಕೆ ಹಾಕಹೋದಾಗ ನನ್ನ ಕೈ ಹಿಡಿದದ್ದು ನೆನಪಿದೆಯೇ? ಕೆಳಗಿನ ಎಲೆ ತೆಗೆದು ಕಡ್ಡಿಯನ್ನು ನೀರಿನಲ್ಲಿ ನಿಲ್ಲಿಸು ಎಂದಿರಿ. ವಾರಕ್ಕೆ ಬಿಳಿ ದಾರದಂಥ ಬೇರು. ಒಡೆದ ಬಕೆಟ್ಟಿಗೆ ತೂತು ಹೊಡೆದು ಮಣ್ಣು ತುಂಬಿ, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿಸಿದಿರಿ. ದಿನ ಬಿಟ್ಟು ದಿನ ಅಕ್ಕಿ ತೊಳೆದ ನೀರು. ಅಷ್ಟು ಚೆಂದ ಚಿಗುರಿದ್ದನ್ನು ಚಿವುಟಲು ನನಗೆ ಮನಸ್ಸು ಬಾರದೆ ಬಿಟ್ಟರೆ ಅದು ಉದ್ದಕ್ಕೆ ಸೊರಗಿ ಬೆಳೆಯಿತು. 'ನೋಡ್ತಾ ಕೂತ್ರೆ ಆಗಲ್ಲ ಕಣವ್ವ. ಕೊಟ್ಟಷ್ಟೂ ಬರೋ ಜಾತಿ ಅದು' ಎಂದು ತುದಿಗಳನ್ನೆಲ್ಲ ಚಿವುಟಿ ನನ್ನ ಮಡಿಲಿಗೆ ಹಾಕಿದಿರಿ. ಹದಿನೈದು ದಿನದಲ್ಲಿ ಬಕೆಟ್ಟು ಕಾಣದಷ್ಟು ಹಬ್ಬಿತು.

ಇಷ್ಟೆಲ್ಲ ಆದರೂ ತಪ್ಪಾಯಿತು ಎನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ನಿಮಗೆ ಕೇಳಿಸಿರಲಿಕ್ಕಿಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಮನೆ ಖಾಲಿ ಮಾಡುವ ದಿನ ವೇಣಿ ನನ್ನ ಪಾತ್ರೆಗಳಿಗೆ ಪೇಪರು ಸುತ್ತುತ್ತ ಎಲ್ಲ ಹೇಳಿಬಿಟ್ಟಳು. ಆ ಸಂಜೆ ಲಕ್ಷ್ಮಣಪ್ಪನವರು ಸಿಟ್ಟಾಗಿ, ನಾಳೆಯೇ ಇವರನ್ನು ಖಾಲಿ ಮಾಡಿಸುತ್ತೇನೆ ಎಂದು ಎದ್ದಿದ್ದರಂತೆ. ನೀವು ಅವರನ್ನು ಕೂರಿಸಿ ಹೇಳಿದಿರಂತೆ: 'ಉಣ್ಣದೆ ಇರೋರು ಇರೋ ಮನೆ ಮಾತು ಅದು. ಎತ್ತಾಡಬಾರ್ದು.'

ನಾನು ತುಂಬ ಓದಿದವಳು ಎಂದು ನೀವು ಬೀದಿಗೆಲ್ಲ ಹೇಳುತ್ತಿದ್ದಿರಿ. ಆ ಓದಿನಲ್ಲೆಲ್ಲೂ ಆ ಒಂದು ಮಾತಿನ ತೂಕದ್ದು ನನಗೆ ಸಿಕ್ಕಿಲ್ಲ. ಈಗ ಯಾರಾದರೂ ನನ್ನ ಮೇಲೆ ಕೂಗಾಡಿದರೆ, ಈ ಮನೆಯಲ್ಲಿ ಯಾರು ಉಣ್ಣದೆ ಕೂತಿದ್ದಾರೋ ಎಂದು ಮೊದಲು ಯೋಚಿಸುತ್ತೇನೆ. ಪ್ರತಿ ಸಲ ಆಗುವುದಿಲ್ಲ, ನನ್ನ ಮೂಗು ನನ್ನದೇ. ಆದರೆ ಪ್ರಯತ್ನ ಪಡುತ್ತೇನೆ, ಅದು ನೀವು ಕಲಿಸಿದ್ದು.

ಅವತ್ತು ಎಲ್ಲರಿಗೂ ಕೇಳಿಸಲಿ ಎಂದು ಬೈದೆ. ಇವತ್ತೂ ಎಲ್ಲರಿಗೂ ಕೇಳಿಸಲಿ ಎಂದೇ ಬರೆಯುತ್ತಿದ್ದೇನೆ. ವೇಣಿ, ಇದನ್ನು ಜಗಲಿಯಲ್ಲಿ ಕೂತು ತಾತನಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದು. ತಪ್ಪಾಯಿತು ಅಮ್ಮಾ. ನನ್ನದು ತಪ್ಪಾಯಿತು.

ಈಗ ಮುಖ್ಯ ವಿಷಯ. ಅಪ್ಪ ಇಲ್ಲಿ ನಮ್ಮ ಜೊತೆಯೇ ಇದ್ದಾರೆ, ಅರವತ್ತೆಂಟು ಕೆಜಿ ತೂಗುತ್ತಾರೆ, ಈ ಕಾಗದದಲ್ಲಿ ಮೂರು ಕಾಗುಣಿತ ತಿದ್ದಿದ್ದಾರೆ. 'ಮಲಗವೆ' ಎನ್ನುವುದನ್ನು ಮಾತ್ರ ತಿದ್ದಬಾರದು ಎಂದು ಅವರೇ ಹೇಳಿದರು. ನಮ್ಮ ಬಾಲ್ಕನಿಯಲ್ಲಿ ನೀವು ಕೊಟ್ಟ ಬಕೆಟ್ಟಿನ ಪುದೀನ ಈಗ ಆರು ಬಕೆಟ್ಟಾಗಿದೆ. ಅದರಲ್ಲಿ ದಟ್ಟವಾಗಿರುವುದನ್ನು ನಾಳೆ ಸಿದ್ದಾರ್ಥ್ ಸ್ಕೂಟರಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ತರುತ್ತಾರೆ. ಹಿಂದಿನ ಸೀಟಿನಲ್ಲಿ ನಾನು ಚೊಂಬು ಹಿಡಿದುಕೊಂಡು ಬರುತ್ತೇನೆ. ಹೌದು, ಅದು ನಿಮ್ಮದೇ ಹಿತ್ತಾಳೆ ಚೊಂಬು. ಸಾಮಾನಿನ ಜೊತೆ ಬಂದುಬಿಟ್ಟಿತ್ತು, ಐದು ವರ್ಷ ಬೇಕೆಂದೇ ಇಟ್ಟುಕೊಂಡಿದ್ದೆ. ಬರಿದು ಮಾಡಿ ತರುವುದಿಲ್ಲ.

ನಿಮ್ಮ ಅಡುಗೆಮನೆಯಲ್ಲಿ ಚಟ್ನಿ ಅರೆಯುವವಳು ನಾನೇ. ಒಲೆ ಆರಿಸಿಯೇ ಎಲೆ ಹಾಕುತ್ತೇನೆ, ಪಕ್ಕದಲ್ಲಿ ಕೂತು ತಪ್ಪು ಹುಡುಕಿ. ಒಂದು ಮುದ್ದೆ ಪೂರ್ತಿ ಉಣ್ಣಬೇಕು. ಇದು ಅಂಗಡಿಯ ಹುಲ್ಲಲ್ಲ, ನಿಮ್ಮ ಹಿತ್ತಲಿನ ಪುದೀನ, ಸ್ವಲ್ಪ ದಿನ ನಮ್ಮ ಮನೆಯಲ್ಲಿತ್ತು ಅಷ್ಟೆ.

ಈ ಕಾಗದವನ್ನು ಬಾಗಿಲಲ್ಲೇ ವೇಣಿಯ ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೆ ನಾನು ಎರಡನೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಮುಗಿದ ಮೇಲೆ ಕರೆಯಿರಿ.

ನಿಮ್ಮ ಬಾಯಿಗೆ ರುಚಿ ಬರಲಿ, ಕೈಗೆ ಮಣ್ಣು ಸಿಗಲಿ, ಬೈಯುವ ಶಕ್ತಿ ಮೊದಲಿನ ಹಾಗೇ ಇರಲಿ.

ಈಗ ಎದ್ದವೆ ಅಮ್ಮಾ, ತಗೊಳ್ಳಿ.

ನಿಮ್ಮ ಮೇಲಿನ ಮನೆಯ
ಕಾವ್ಯಾ